ಮನೆ ಕಂದಾಯ 3,180ರಿಂದ 7,460 ಆಗಿದೆ. ಯಾವ ಲೆಕ್ಕ ಇದು, ಗೊತ್ತಿದ್ದವರು ಹೇಳಿ

ಹಳೇಮನೆ_ಮಂಜ
ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಜಿಲ್ಲಾ ಕೇಂದ್ರ. ಊರಿನ ಹೆಸರು ಬೇಡ ಬಿಡಿ. ಮೂವತ್ತು ನಲವತ್ತರ ಸೈಟು, ಅಪ್ಪ 1996ರಲ್ಲಿ ಕಟ್ಟಿಸಿದ ಮನೆ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇದ್ದಾರೆ, ಫ್ಯಾಮಿಲಿ ಪೆನ್ಷನ್ ಬರುತ್ತದೆ. ಐದು ವರ್ಷದ ಹಿಂದೆ ನಾನೇ ಕೈಯಾರೆ ಕಟ್ಟಿದ ಕಂದಾಯ 3,180 ರೂಪಾಯಿ. ಆಮೇಲೆ ತಮ್ಮ ಕಟ್ಟುತ್ತಿದ್ದ. ಎಷ್ಟಾಯಿತೋ ಅಂತ ಕೇಳಿದರೆ "ಕಟ್ಟಾಯ್ತು ಬಿಡಣ್ಣ" ಅನ್ನುವುದೇ ಅವನ ಉತ್ತರ. ಈ ಸಲ ಏಪ್ರಿಲ್ ಮುಗಿಯುವುದರೊಳಗೆ ಶೇ 5 ರಿಯಾಯಿತಿ ಸಿಗಲಿ ಅಂತ ನಾನೇ ಹೋದೆ. 7,460 ಅಂದರು.

ಯಾಕೆ ಸಾರ್ ಇಷ್ಟು ಅಂದರೆ, ಒಳಗಿದ್ದವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ "ನೋಡಿ, ಸಿಸ್ಟಮ್ ತೋರಿಸ್ತಾ ಇದೆ, ನಾನೇನ್ ಮಾಡ್ಲಿ" ಅಂದರು. ಪರದೆಯಲ್ಲಿ ಇದ್ದದ್ದು ಒಟ್ಟು ಮೊತ್ತ ಮಾತ್ರ.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದುಕೊಟ್ಟರು. ಅಪ್ಪ 1996ರಿಂದ ಒಂದು ರಸೀದಿಯನ್ನೂ ಬಿಟ್ಟಿಲ್ಲ, ಎಲ್ಲ ದಾರಕ್ಕೆ ಪೋಣಿಸಿ ಇಟ್ಟಿದ್ದಾರೆ. ಮೊದಲನೆಯದು 210 ರೂಪಾಯಿ, ಕಾರ್ಬನ್ ಕಾಪಿ. ಅಕ್ಷರ ಅರ್ಧ ಅಳಿಸಿ ಹೋಗಿದ್ದರೂ ಅದರಲ್ಲಿ ಕಂದಾಯ ಇಷ್ಟು, ಕರ (ಸೆಸ್) ಇಷ್ಟು ಅಂತ ಬಿಡಿಸಿ ಬರೆದಿದೆ. ಈಗಿನ ಪ್ರಿಂಟ್‌ಔಟ್‌ನಲ್ಲಿ ಅದೂ ಇಲ್ಲ. ಮನೆ ಮುಂದಿನ ಚರಂಡಿಗೆ ಇನ್ನೂ ಚಪ್ಪಡಿ ಹಾಕಿಲ್ಲ ಅನ್ನುವುದು ಬೇರೆ ಮಾತು.

ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ? ತಪ್ಪಿದ್ದರೆ ಎಲ್ಲಿ ಕೇಳುವುದು?

ತಿಂಡಿಪೋತ
ಚರಂಡಿ ಇದೆ ಅಲ್ವಾ, ಅದೇ ಪುಣ್ಯ.

ಕೋರಮಂಗಲದ_ಕುಮಾರ
ಗ್ಯಾರಂಟಿಗಳಿಗೆ ದುಡ್ಡು ಎಲ್ಲಿಂದ ಬರಬೇಕು ಅಂದುಕೊಂಡಿರಿ? ನಿಮ್ಮ ಜೇಬಿನಿಂದಲೇ.

ಲೆಕ್ಕದ_ಮೇಷ್ಟ್ರು
ಕುಮಾರ್ ಅವರೇ, ದಯವಿಟ್ಟು ಎಲ್ಲವನ್ನೂ ಅಲ್ಲಿಗೇ ತಂದು ಕಟ್ಟಬೇಡಿ. ಮನೆ ಕಂದಾಯ ರಾಜ್ಯದ ಖಜಾನೆಗೆ ಹೋಗುವುದಿಲ್ಲ, ಪಾಲಿಕೆ, ಪುರಸಭೆಗೆ ಹೋಗುತ್ತದೆ. ಆದರೆ ನಿಯಮ ಬರೆಯುವುದು ರಾಜ್ಯ. ಸಂವಿಧಾನದ ರಾಜ್ಯ ಪಟ್ಟಿಯಲ್ಲಿ 49ನೇ ನಮೂದು ಜಮೀನು ಮತ್ತು ಕಟ್ಟಡದ ತೆರಿಗೆ. ಯಾವ ತೆರಿಗೆ ಹಾಕಬಹುದು ಅಂತ ಸ್ಥಳೀಯ ಸಂಸ್ಥೆಗೆ ಅಧಿಕಾರ ಕೊಡಬೇಕಾದ್ದು ವಿಧಾನಮಂಡಲವೇ, ಅದು 243 ಎಕ್ಸ್. ಹಾಗಾಗಿ ಬೈಸಿಕೊಳ್ಳುವವರು ಪಾಲಿಕೆಯವರು, ಸೂತ್ರ ಇರುವುದು ವಿಧಾನಸೌಧದಲ್ಲಿ.

ಈಗ ಮಂಜಣ್ಣನ ಪ್ರಶ್ನೆ. ಬೆಂಗಳೂರು ಬಿಟ್ಟು ಉಳಿದ ನಗರಗಳಲ್ಲಿ ಆಸ್ತಿಯ ಬೆಲೆ ಮೇಲೆ ತೆರಿಗೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯಿಂದ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ) ಜಾಗದ ಬೆಲೆ ತೆಗೆಯುತ್ತಾರೆ. ಕಟ್ಟಡದ ಬೆಲೆಯಲ್ಲಿ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ. ಬಂದ ಮೊತ್ತಕ್ಕೆ ವಾಸಕ್ಕೆ ಒಂದು ದರ, ವಾಣಿಜ್ಯಕ್ಕೆ ಇನ್ನೊಂದು ದರ. ಅದರ ಮೇಲೆ ಕರಗಳು. ಮೊದಲು ಮೂರು ವರ್ಷಕ್ಕೊಮ್ಮೆ ಏರಿಸುತ್ತಿದ್ದರು, ಈಗ ಪ್ರತಿ ವರ್ಷ ಶೇ 3ರಿಂದ 5.

ಆದರೆ ಶೇ 5ರಂತೆ ಐದು ವರ್ಷ ಏರಿದರೂ 3,180 ಆಗುವುದು 4,060ರ ಹತ್ತಿರ. ನಡುವೆ ಮಾರ್ಗಸೂಚಿ ಬೆಲೆಯ ಬುನಾದಿ ಬದಲಾಗಿದ್ದರೆ ಇನ್ನಷ್ಟು ಸೇರಬಹುದು. ಆದರೂ 7,460ಕ್ಕೆ ಬೇರೆ ಏನೋ ಕಾರಣ ಇದೆ. ಮನೆಯಲ್ಲಿ ಅಂಗಡಿ ಏನಾದರೂ ಇದೆಯಾ?

ಹಳೇಮನೆ_ಮಂಜ
ಅಂಗಡಿ ಇಲ್ಲ ಮೇಷ್ಟ್ರೇ. ಮುಂದಿನ ರೂಮಿನಲ್ಲಿ ಒಬ್ಬರು ಟೇಲರಮ್ಮ ಇದ್ದಾರೆ ಅಷ್ಟೇ.

ಲೆಕ್ಕದ_ಮೇಷ್ಟ್ರು
😊

ಅಪಾರ್ಟ್‌ಮೆಂಟ್_ಅಕ್ಕ
ಅದೇ ಅಂಗಡಿ ಮಂಜಣ್ಣ!

ಬೆಂಗಳೂರಿನ ಲೆಕ್ಕ ಬೇರೆ. ನಾನು ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿ ಇದೇ ಕೆಲಸ ನೋಡಿಕೊಳ್ಳುತ್ತೇನೆ, ಅದಕ್ಕೆ ಬಾಯಿಪಾಠ ಆಗಿದೆ. 2000ರಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂತು, ಅಂದರೆ ನಿಮ್ಮ ತೆರಿಗೆ ನೀವೇ ಲೆಕ್ಕ ಹಾಕಿ ಕಟ್ಟಿ ಅಂತ. 2008ರಿಂದ ಚದರ ಅಡಿಗೆ ಇಷ್ಟು ಅಂತ ಯೂನಿಟ್ ದರ. ಎಯಿಂದ ಎಫ್‌ವರೆಗೆ ವಲಯಗಳು. ಸಾವಿರ ಚದರ ಅಡಿ ಮನೆ, ದರ 2 ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳಿ. ತಿಂಗಳಿಗೆ 2,000, ಹತ್ತು ತಿಂಗಳಿಗೆ 20,000 (ಹನ್ನೆರಡಲ್ಲ, ಹತ್ತೇ). ಸವಕಳಿ ಶೇ 10 ಅಂದರೆ ಉಳಿದದ್ದು 18,000. ಅದರಲ್ಲಿ ಶೇ 20 ತೆರಿಗೆ, 3,600. ಅದರ ಮೇಲೆ ಕರಗಳು. ಬಾಡಿಗೆಗೆ ಕೊಟ್ಟರೆ ಯೂನಿಟ್ ದರವೇ ಡಬಲ್.

ಏನೂ ಬದಲಾಗದಿದ್ದರೆ ಫಾರಂ 4, ರೂಮು ಕಟ್ಟಿದರೆ ಅಥವಾ ಬಾಡಿಗೆಗೆ ಕೊಟ್ಟರೆ ಫಾರಂ 5. ಎಲ್ಲರೂ ಕಣ್ಣು ಮುಚ್ಚಿ 4ನ್ನೇ ಒತ್ತುತ್ತಾರೆ. ಬಾಡಿಗೆಗೆ ಕೊಟ್ಟು ಅಮೆರಿಕದಲ್ಲಿ ಕೂತವರೂ "ಸ್ವಂತ ವಾಸ" ಅಂತಲೇ ತುಂಬುತ್ತಾರೆ, ನಮ್ಮ ಬ್ಲಾಕಿನಲ್ಲೇ ಎಷ್ಟು ಜನ ಇದ್ದಾರೆ ಗೊತ್ತಾ.

ಬಾಡಿಗೆದಾರ_ಬಸು
ಮತ್ತೆ ಆ ಡಬಲ್ ಕಟ್ಟೋರು ಯಾರ್ರೀ ಅಕ್ಕಾರ? ಓನರ್ ಕಟ್ಟಿದ್ರ ನಮ್ಮ ಬಾಡಿಗ್ಯಾಗ ಸೇರಸ್ತಾನ. ಕಟ್ಟಲಿಲ್ಲ ಅಂದ್ರೂ ಸೇರಸ್ತಾನ. ಮನಿ ಇಲ್ದವರೇ ಮನಿ ಕಂದಾಯ ಕಟ್ಟೋದು ಈ ಊರಾಗ.

ಮಲ್ಲೇಶ್ವರದ_ಅಜ್ಜ
ಕರಗಳ ಬಗ್ಗೆ ಯಾರೂ ಮಾತಾಡಲಿಲ್ಲ. ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಗ್ರಂಥಾಲಯ ಕಾಯ್ದೆ 1965ರದ್ದು, ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು. ಅಂದಿನಿಂದ ಕಟ್ಟುತ್ತಲೇ ಇದ್ದೇನೆ. ವಸೂಲಾದ ಗ್ರಂಥಾಲಯ ಕರ ಇಲಾಖೆಗೆ ಪೂರ್ತಿ ತಲುಪಲಿಲ್ಲ ಅನ್ನುವ ಸುದ್ದಿಯನ್ನು ಅದೇ ಗ್ರಂಥಾಲಯದಲ್ಲಿ ಕೂತು ಪೇಪರ್‌ನಲ್ಲಿ ಓದಿದ್ದೇನೆ. ಫ್ಯಾನು ತಿರುಗುತ್ತಿರಲಿಲ್ಲ.

ನನ್ನ ಕಾಲದಲ್ಲಿ ಆಕ್ಟ್ರಾಯ್ ಗೇಟು ಇತ್ತು. ಊರೊಳಗೆ ಬರುವ ಪ್ರತಿ ಗಾಡಿಗೂ ಸುಂಕ. ಬೆಲ್ಲದ ಗಾಡಿಯವನು ಗೇಟಿನವನಿಗೆ ಒಂದು ಅಚ್ಚು ಬೆಲ್ಲ ಕೊಟ್ಟು ಮುಂದೆ ಹೋಗುತ್ತಿದ್ದ. 1979ರಲ್ಲಿ ಅದನ್ನು ತೆಗೆದರು. 2017ರಲ್ಲಿ ಜಿಎಸ್‌ಟಿ ಬಂದಾಗ ಜಾಹೀರಾತು ತೆರಿಗೆಯೂ ಹೋಯಿತು. ಪಾಲಿಕೆಯ ಕೈಯಲ್ಲಿ ದೊಡ್ಡದು ಅಂತ ಉಳಿದದ್ದು ಮನೆ ಕಂದಾಯ ಒಂದೇ. ಒಂದೇ ಹಸು, ಕರೆಯುವವರು ಹತ್ತು ಜನ.

ತಿಂಡಿಪೋತ
ಅಜ್ಜಾ, ಆ ಬೆಲ್ಲದ ಕಥೆ ಇನ್ನೊಂಚೂರು ಹೇಳಿ, ಯಾವ ಬೆಲ್ಲ?

ಮಲ್ಲೇಶ್ವರದ_ಅಜ್ಜ
ಮಂಡ್ಯದ್ದು. ಬೇರೆ ಬೆಲ್ಲ ಬೆಲ್ಲವೇ?

ಕೋರಮಂಗಲದ_ಕುಮಾರ
ಕಸಕ್ಕೂ ಬೇರೆ ಶುಲ್ಕ ಶುರು ಮಾಡಿದ್ದಾರೆ, ಅದನ್ನು ಮರೆತಿರಿ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಕಂದಾಯದ ಜೊತೆಯಲ್ಲೇ ವಸೂಲಿ. 600 ಚದರ ಅಡಿವರೆಗೆ ತಿಂಗಳಿಗೆ 10 ರೂಪಾಯಿ, ಸಾವಿರದವರೆಗೆ 50, ಎರಡು ಸಾವಿರದವರೆಗೆ 100, ಹೀಗೆ ಏರುತ್ತಾ 4,000 ದಾಟಿದರೆ 400. ಕಸದ ಗಾಡಿ ನಮ್ಮ ರಸ್ತೆಗೆ ಮೂರು ದಿನಕ್ಕೊಮ್ಮೆ ಬರುತ್ತದೆ. ಶುಲ್ಕ ಮಾತ್ರ ಒಂದು ದಿನವೂ ತಪ್ಪುವುದಿಲ್ಲ.

ಪಂಚಾಯ್ತಿಕಟ್ಟೆ
ನಿಮ್ಮದೆಲ್ಲ ಸುಖದ ಗೋಳು. ನಮ್ಮದು ಪಂಚಾಯ್ತಿ. ಬಿಲ್ ಕಲೆಕ್ಟರ್ ಬೈಕಿನಲ್ಲಿ ಮನೆ ಬಾಗಿಲಿಗೇ ಬರುತ್ತಾನೆ, ಸ್ವೈಪ್ ಮೆಷಿನ್ ಇದೆ, ಕಾಫಿ ಕುಡಿದು ರಸೀದಿ ಹರಿದುಕೊಟ್ಟು ಹೋಗುತ್ತಾನೆ. ಕಂದಾಯ ಕಡಿಮೆಯೇ, ಸುಳ್ಳು ಹೇಳಬಾರದು. ಆದರೆ ಇಪ್ಪತ್ತು ವರ್ಷ ಕಂದಾಯ ಕಟ್ಟಿದ ಸೈಟಿಗೆ ಇ-ಸ್ವತ್ತು (ಪಂಚಾಯ್ತಿ ಆಸ್ತಿಯ ಕಂಪ್ಯೂಟರ್ ದಾಖಲೆ) ಮಾಡಿಸಲು ಹೋದರೆ "ಇದು ರೆವಿನ್ಯೂ ಸೈಟು, 11ಬಿ ಮಾತ್ರ" ಅನ್ನುತ್ತಾರೆ. ಅಂದರೆ ಭೂಪರಿವರ್ತನೆ ಆಗದ ಜಮೀನಿನ ಸೈಟು, ಅದಕ್ಕೆ ಕೊಡುವುದು ಅನಧಿಕೃತ ಆಸ್ತಿಯ ನಮೂನೆ. ಬ್ಯಾಂಕಿನವರು 11ಬಿ ನೋಡಿದ ಕೂಡಲೇ ಫೈಲು ಮುಚ್ಚುತ್ತಾರೆ. ದುಡ್ಡು ತೆಗೆದುಕೊಳ್ಳುವಾಗ ಸಕ್ರಮ, ಕಾಗದ ಕೊಡುವಾಗ ಅಕ್ರಮ. ಇದ್ಯಾವ ನ್ಯಾಯ?

ಅಪಾರ್ಟ್‌ಮೆಂಟ್_ಅಕ್ಕ
ನಗರದಲ್ಲಿ ಬಿ ಖಾತೆಯವರ (ಸರಿಯಾದ ಅನುಮೋದನೆ ಇಲ್ಲದ ಆಸ್ತಿಯವರ) ಕಥೆಯೂ ಅದೇ. ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಬಂತಲ್ಲ, ಆಮೇಲೆ ನಮ್ಮ ಸಂಘದಲ್ಲಿ ಪ್ರತಿ ಭಾನುವಾರ ಅದೇ ಪಾರಾಯಣ. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಮುಂದೆ, ಕ್ರಯಪತ್ರದಲ್ಲಿ ಹಿಂದೆ. ಅಷ್ಟಕ್ಕೇ ಒಬ್ಬರ ಮನೆ ಮಾರಾಟ ಎರಡು ತಿಂಗಳು ನಿಂತಿತ್ತು.

ಆಸ್ಟಿನ್_ಗೌಡ
ಅಕ್ಕ ಹೇಳಿದ "ಅಮೆರಿಕದಲ್ಲಿ ಕೂತವರು" ನಾನೇ ಅಂದುಕೊಳ್ಳಿ, ಆದರೆ ನಾನು ಫಾರಂ 5 ತುಂಬಿದ್ದೇನೆ, ಆಣೆ.

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಅದಕ್ಕೆ ಎಲ್ಲ ಭಾರ ಮನೆಯ ಮೇಲೆ. ಮನೆ ಬೆಲೆಯ ಶೇ 2ರ ಆಸುಪಾಸು ಪ್ರತಿ ವರ್ಷ ಕಟ್ಟುತ್ತೇನೆ. ನೀವು ವರ್ಷಕ್ಕೆ ಕಟ್ಟುವುದನ್ನು ಇಲ್ಲಿ ಕೆಲವರು ವಾರಕ್ಕೆ ಕಟ್ಟುತ್ತಾರೆ. ಸಾಲ ತೀರಿದ ಮೇಲೂ ಬಾಡಿಗೆ ಮನೆಯಲ್ಲಿದ್ದ ಹಾಗೆ ಅನಿಸುತ್ತದೆ. ಜನ ಗಲಾಟೆ ಮಾಡಿ ಮಾಡಿ 2023ರಲ್ಲಿ ಸ್ವಂತ ವಾಸದ ಮನೆಗೆ ಶಾಲಾ ತೆರಿಗೆಯ ವಿನಾಯಿತಿ (ಮನೆ ಬೆಲೆಯಲ್ಲಿ ಲೆಕ್ಕಕ್ಕೆ ಬಿಡುವ ಮೊತ್ತ) 40 ಸಾವಿರ ಡಾಲರ್‌ನಿಂದ 1 ಲಕ್ಷಕ್ಕೆ ಏರಿತು, 2025ರಲ್ಲಿ 1 ಲಕ್ಷದ 40 ಸಾವಿರಕ್ಕೆ. ಎರಡು ಸಲವೂ ಮತ ಹಾಕಿಸಿಯೇ ಮಾಡಿದರು.

ಆದರೆ ಒಂದು ವಿಷಯ ಇಲ್ಲಿ ಚೆನ್ನಾಗಿದೆ. ಏಪ್ರಿಲ್ ಹೊತ್ತಿಗೆ ನಿಮ್ಮ ಮನೆ ಬೆಲೆ ಇಷ್ಟು ಅಂತ ನೋಟಿಸ್ ಬರುತ್ತದೆ. ಒಪ್ಪದಿದ್ದರೆ ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಹಾಕಬಹುದು. ಪಕ್ಕದ ಮನೆಗಳ ಬೆಲೆ ವೆಬ್‌ಸೈಟಿನಲ್ಲೇ ಇರುತ್ತದೆ. ನಾನು ಹೋದ ಸಲ ಗೋಡೆ ಬಿರುಕಿನ ಫೋಟೋ ತೆಗೆದುಕೊಂಡು ಹೋಗಿದ್ದೆ. ಹತ್ತು ನಿಮಿಷದ ಮಾತು, ಒಂದಿಷ್ಟು ಇಳಿಸಿದರು. ಹೆಂಡತಿ "ಆ ಬಿರುಕು ಸರಿಮಾಡಿಸಬೇಡಿ, ಮುಂದಿನ ವರ್ಷಕ್ಕೂ ಬೇಕು" ಅಂದಳು.

ಕರಾವಳಿ_ಕಾಕ
ಗೌಡ್ರೇ, ಅಲ್ಲಿ ಶಾಲೆ ನಡೆಯುವುದೇ ಆ ತೆರಿಗೆಯಲ್ಲಿ ಮಾರಾಯ್ರೆ. ಇಲ್ಲಿ ನಮ್ಮ ಮನೆ ಕಂದಾಯಕ್ಕೂ ಮಕ್ಕಳ ಶಾಲೆಗೂ ಸಂಬಂಧ ಉಂಟಾ? ಹೋಲಿಸಿದರೆ ಎಲ್ಲ ಹೋಲಿಸಬೇಕು.

ಆಸ್ಟಿನ್_ಗೌಡ
ಒಪ್ಪಿದೆ ಕಾಕ. ನಾನು ಮೊತ್ತ ಹೋಲಿಸುತ್ತಿಲ್ಲ, ತಕರಾರು ಹಾಕುವ ದಾರಿ ಹೋಲಿಸುತ್ತಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲೇ ಜನ ಮತ ಹಾಕಿ, ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಏರಬಾರದು ಅಂತ ಮಾಡಿದರು. ಅದರಿಂದ ಹಳೆ ಮಾಲೀಕ ಸಾವಿರ ಕಟ್ಟುವ ಬೀದಿಯಲ್ಲೇ ಹೊಸದಾಗಿ ಕೊಂಡವನು ಐದಾರು ಸಾವಿರ ಕಟ್ಟುವ ಹಾಗಾಗಿದೆ. ಅದನ್ನೂ ಕಣ್ಣು ಮುಚ್ಚಿ ತರಬೇಡಿ.

ಲೆಕ್ಕದ_ಮೇಷ್ಟ್ರು
ಈಗ ನಾನು ಬೈಸಿಕೊಳ್ಳುವ ಮಾತು ಹೇಳುತ್ತೇನೆ. ನಮ್ಮ ದೇಶದಲ್ಲಿ ಆಸ್ತಿ ತೆರಿಗೆ ಜಾಸ್ತಿ ಅಲ್ಲ, ಕಡಿಮೆ. ಜಿಡಿಪಿಯ ಶೇ 0.2ರ ಆಸುಪಾಸು ಅಷ್ಟೇ. ಅದಕ್ಕೇ ಕೇಂದ್ರದ ದುಡ್ಡು ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗ ಷರತ್ತು ಹಾಕಿತು: ಕನಿಷ್ಠ ದರ ನಿಗದಿ ಮಾಡಿ, ವಸೂಲಿ ಏರಿಸಿ, ಆಮೇಲೆ ನಗರಗಳಿಗೆ ಅನುದಾನ. ಕಾಯ್ದೆ ತಿದ್ದಿದ್ದು, ವರ್ಷ ವರ್ಷ ಏರಿಸುವುದು, ಇದರ ಹಿಂದೆ ಆ ಷರತ್ತೂ ಇದೆ.

ನನ್ನ ಸಿಟ್ಟು ಬೇರೆ ಕಡೆ. ಮನೆ ಕೊಳ್ಳುವವನ ಹತ್ತಿರ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದನ್ನು 2025ರ ಆಗಸ್ಟ್ 31ರಿಂದ ಶೇ 2 ಮಾಡಿದರು. 60 ಲಕ್ಷದ ಮನೆಗೆ ಸುಮಾರು ನಾಲ್ಕೂವರೆ ಲಕ್ಷ ಒಂದೇ ಏಟಿಗೆ. ಇದರ ಬಹುಪಾಲು ರಾಜ್ಯಕ್ಕೆ. ರಸ್ತೆ, ಚರಂಡಿ, ದೀಪ ನೋಡಬೇಕಾದ ಪಾಲಿಕೆ ಮಂಜಣ್ಣನ ಅಮ್ಮನ ಪೆನ್ಷನ್ ಕಡೆ ನೋಡುತ್ತಾ ಕೂತಿದೆ. ಕೊಳ್ಳುವಾಗಿನ ಹೊಡೆತ ಇಳಿಸಿ. ವರ್ಷದ ಕಂದಾಯ ಸ್ವಲ್ಪ ಏರಲಿ, ಆದರೆ ಆ ದುಡ್ಡು ಅದೇ ವಾರ್ಡಿನಲ್ಲಿ ಕಾಣಲಿ. ಸುಧಾರಣೆ ಅಂದರೆ ನನಗೆ ಇದು. ಇದು ಪಾಲಿಕೆ ಕೌಂಟರ್‌ನಲ್ಲಿ ಆಗುವ ಕೆಲಸ ಅಲ್ಲ, ರಾಜ್ಯವೇ ಮಾಡಬೇಕು.

ಕೋರಮಂಗಲದ_ಕುಮಾರ
"ಸ್ವಲ್ಪ ಏರಲಿ" ಅಂತೆ! ಮೇಷ್ಟ್ರಿಗೆ ಸ್ವಂತ ಮನೆ ಇಲ್ಲ ಅನಿಸುತ್ತದೆ.

ಲೆಕ್ಕದ_ಮೇಷ್ಟ್ರು
ಇದೆ ಸ್ವಾಮಿ. ಕಂದಾಯದ ರಸೀದಿ ಹಾಕಲೇ?

ಪುಟ್ಟೇನಹಳ್ಳಿ_ಪುಟ್ಟಿ
ಮೇಷ್ಟ್ರ ಮಾತು ಅರ್ಧ ಸರಿ. ಮಾರ್ಗಸೂಚಿ ಬೆಲೆ ಏರಿದರೆ ಅಮ್ಮನ ಪೆನ್ಷನ್ ಏರುತ್ತದಾ? 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಬೆಲೆ ಏರಿಸಿದಾಗ ನಮ್ಮ ಅತ್ತೆ "ನಮ್ಮ ಮನೆ ಈಗ ಕೋಟಿ ಬಾಳುತ್ತಂತೆ" ಅಂತ ಖುಷಿಯಾಗಿದ್ದರು. ಕೋಟಿ ಇರುವುದು ಗೋಡೆಯಲ್ಲಿ, ಪರ್ಸಿನಲ್ಲಿ ಇರುವುದು ಎಂಟುನೂರು. ಬೆಲೆ ಆಧಾರದ ತೆರಿಗೆ ಹಾಕುವುದಾದರೆ ಒಂಟಿ ವೃದ್ಧರಿಗೆ ಮನೆ ಮಾರುವಾಗಲೋ ಮಕ್ಕಳ ಹೆಸರಿಗೆ ಆಗುವಾಗಲೋ ಕಟ್ಟುವ ಅವಕಾಶ ಇರಬೇಕು. 2024ರಲ್ಲಿ ಬೆಂಗಳೂರಿಗೂ ಮಾರ್ಗಸೂಚಿ ಬೆಲೆ ತರಲು ಕರಡು ಹೊರಡಿಸಿದ್ದರು, ಜನ ಕೂಗಿದ ಮೇಲೆ ನಿಂತಿತು. ಇಂಥ ಅವಕಾಶ ಇದ್ದಿದ್ದರೆ ನಾನಂತೂ ಅಷ್ಟು ಕೂಗುತ್ತಿರಲಿಲ್ಲ.

ಇನ್ನೊಂದು. ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಆ ಹೊತ್ತಿಗೆ ಬಿಬಿಎಂಪಿಯೇ ಹೋಗಿ 2025ರ ಸೆಪ್ಟೆಂಬರ್ 2ಕ್ಕೆ ಐದು ಪಾಲಿಕೆ ಬಂತು. ಕಸದ ಶುಲ್ಕ ಹಾಕಿದಾಗ ನಾನು ಯಾರ ಮನೆ ಮುಂದೆ ಹೋಗಿ ಕೂಗಬೇಕಿತ್ತು? ಮೊದಲಾದರೆ ನಮ್ಮ ವಾರ್ಡಿನವರ ಮನೆ ಗೊತ್ತಿತ್ತು, ಅವರ ನಾಯಿಯೂ ಗೊತ್ತಿತ್ತು.

ಆಸ್ಟಿನ್_ಗೌಡ
ಪುಟ್ಟಿಯವರೇ, ನೀವು ಹೇಳಿದ್ದು ಇಲ್ಲಿ ಇದೆ. 65 ದಾಟಿದವರು ಮುಂದೂಡಬಹುದು, ಬಡ್ಡಿ ಸೇರುತ್ತಾ ಹೋಗುತ್ತದೆ.

ಬಾಡಿಗೆದಾರ_ಬಸು
ಸರ್ಕಾರದ ಕಟ್ಟಡದಾವ್ರು ಕಟ್ತಾರೇನ್ರಿ?

ಲೆಕ್ಕದ_ಮೇಷ್ಟ್ರು
ಕೇಂದ್ರದ ಆಸ್ತಿಗೆ ಸಂವಿಧಾನದ 285ನೇ ವಿಧಿಯಲ್ಲಿ ತೆರಿಗೆ ಇಲ್ಲ ಬಸಣ್ಣ. ಸೇವಾ ಶುಲ್ಕ ಕೇಳಬಹುದು. ಕೊಡುವುದು, ಬಾಕಿ ಇಡುವುದು, ಅದೊಂದು ದೊಡ್ಡ ಪುರಾಣ.

ತಿಂಡಿಪೋತ
ಮಂಜಣ್ಣ ಎಲ್ಲಿ? ಟೇಲರಮ್ಮನ ವಿಷಯ ಏನಾಯಿತು?

ಹಳೇಮನೆ_ಮಂಜ
ಬಂದೆ ಬಂದೆ. ಹನ್ನೆರಡು ದಿನ, ಮೂರು ಸಲ ಓಡಾಡಿದೆ. ಮೇಷ್ಟ್ರು ಹೇಳಿದ್ದು ಅಕ್ಷರಕ್ಷರ ನಿಜ. ವಿವರದ ಪ್ರತಿ ಬೇಕು ಅಂತ ಅರ್ಜಿ ಕೊಟ್ಟೆ. ನೋಡಿದರೆ ಇಡೀ ನೆಲಮಹಡಿಯನ್ನೇ ವಾಣಿಜ್ಯ ಅಂತ ಬರೆದಿದ್ದಾರೆ. ಟೇಲರಮ್ಮನ ರೂಮು ಹತ್ತು ಹನ್ನೆರಡು, ಅಂದರೆ 120 ಚದರ ಅಡಿ. ಅಮ್ಮನ ಅಡುಗೆಮನೆ, ದೇವರಮನೆ ಎಲ್ಲ ಸೇರಿ ಅಂಗಡಿ! ಯಾರೋ ಸರ್ವೆಗೆ ಬಂದವರು ಹೊರಗೆ ನೇತುಹಾಕಿದ "ಬ್ಲೌಸ್ ಹೊಲಿಯಲಾಗುವುದು" ಬೋರ್ಡು ನೋಡಿ ಬರೆದುಕೊಂಡು ಹೋಗಿರಬೇಕು. ತಮ್ಮ ಮೂರು ವರ್ಷ ಅದನ್ನೇ ಕಟ್ಟಿದ್ದಾನೆ, "ಕಟ್ಟಾಯ್ತು ಬಿಡಣ್ಣ" ಅಂತ.

ತಕರಾರು ಅರ್ಜಿ ಕೊಟ್ಟ ಮೇಲೆ ಮನೆಗೆ ಒಬ್ಬರು ಟೇಪು ಹಿಡಿದುಕೊಂಡು ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ಟೇಪಿನ ಇನ್ನೊಂದು ತುದಿ ಅಮ್ಮನೇ ಹಿಡಿದರು. ಕೆಳಗಿನದೆಲ್ಲ ಅಳೆದು ಸರಿ ಬರೆದುಕೊಂಡರು. ಅಷ್ಟಕ್ಕೆ ಹೋಗಿದ್ದರೆ ಚೆನ್ನಾಗಿತ್ತು. ಅಮ್ಮ "ಮೇಲೆ ತಾರಸಿಯಲ್ಲಿ ಗಾಳಿ ಇದೆ, ಅಲ್ಲೇ ಕೂತು ಮಜ್ಜಿಗೆ ಕುಡಿಯಿರಿ" ಅಂದುಬಿಟ್ಟರು. ಮೇಲೆ ಅಪ್ಪ ಕೊನೆಗಾಲದಲ್ಲಿ ಹಾಕಿಸಿದ ಶೀಟಿನ ರೂಮು ಇದೆ. ದಾಖಲೆಯಲ್ಲಿ ಇಲ್ಲ. ಮಜ್ಜಿಗೆ ಮುಗಿಸಿ ಅದನ್ನೂ ಅಳೆದರು.

ಈಗಿನ ಲೆಕ್ಕ: ತಿದ್ದಿದ ಕಂದಾಯ 5,940. ಶೀಟಿನ ರೂಮಿನ ಹಿಂಬಾಕಿ 1,270. ಒಟ್ಟು 7,210.

ಅಪಾರ್ಟ್‌ಮೆಂಟ್_ಅಕ್ಕ
ಇನ್ನೂರೈವತ್ತು ಉಳಿಯಿತು! ತಮ್ಮ ಜಾಸ್ತಿ ಕಟ್ಟಿದ್ದನ್ನು ಮುಂದಿನ ವರ್ಷಕ್ಕೆ ಹೊಂದಿಸಿ ಅಂತ ಬರೆದು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಿಮಾತು ಬೇಡ.

ಹಳೇಮನೆ_ಮಂಜ
ಕೊಟ್ಟಿದ್ದೇನೆ ಅಕ್ಕ. "ಸಿಸ್ಟಮ್‌ನಲ್ಲಿ ಆ ಆಪ್ಷನ್ ಇದೆಯೋ ನೋಡಬೇಕು" ಅಂದಿದ್ದಾರೆ.

ಕೋರಮಂಗಲದ_ಕುಮಾರ
ಟೇಲರಮ್ಮನ ಬಾಡಿಗೆ ಏರಿಸಿ, ಸರಿಹೋಗುತ್ತದೆ.

ಬಾಡಿಗೆದಾರ_ಬಸು
ನಾ ಹೇಳಲಿಲ್ಲೇನ್ರಿ!

ಹಳೇಮನೆ_ಮಂಜ
ಅಮ್ಮ ಬೇಡ ಅಂದರು. ಟೇಲರಮ್ಮ ಅಮ್ಮನ ಬ್ಲೌಸಿಗೆ ಹೊಲಿಗೆ ದುಡ್ಡು ತಗೊಳ್ಳಲ್ಲವಂತೆ. ಬೋರ್ಡು ಮಾತ್ರ ಒಳಗೆ ಇಡಿಸಿದ್ದಾರೆ.

ಮಲ್ಲೇಶ್ವರದ_ಅಜ್ಜ
ಹೊಸ ರಸೀದಿಯನ್ನೂ ಆ ದಾರಕ್ಕೆ ಪೋಣಿಸಿಡಿ.